ಅಕ್ಕನಿಗೊಂದು ಲ್ಯಾಪ್‌ಟಾಪ್

ಯಾರಾದರೂ ಲ್ಯಾಪ್‌ಟಾಪ್ ಆರಿಸಿಕೊಡಿ ಎಂದು ಕೇಳಿದರೆ ಈಗ ನಾನು ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಮೊದಲು ಹಾಗಿರಲಿಲ್ಲ. ನನ್ನದು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಹೊಸ ಯಂತ್ರಗಳನ್ನು ತಿರುಗಿಸಿ ಮುರುಗಿಸಿ ನೋಡುವುದೆಂದರೆ ನನಗೆ ಖುಷಿ. ಚಿಕ್ಕಪ್ಪನ ಮಗನಿಗೆ, ಜೊತೆಗೆ ಕೆಲಸ ಮಾಡುವವರ ಅಪ್ಪ ಅಮ್ಮಂದಿರಿಗೆ ಎಂದು ಎಷ್ಟೋ ಜನರಿಗೆ ಆರಿಸಿಕೊಟ್ಟಿದ್ದೆ. ಆ ಹುಮ್ಮಸ್ಸು ಪುಣೆಯ ಸದಾಶಿವ ಪೇಠದಲ್ಲಿ, ನಾನು ಬಾಡಿಗೆಗಿದ್ದ ಹಳೆಯ ಕಟ್ಟಡದ ಕೆಳಗಿನ ಮನೆಯಲ್ಲಿ ಮುಗಿಯಿತು.

ಆ ಮನೆಯಲ್ಲಿದ್ದವರು ವಿಜಯಪುರದ ಕಡೆಯ ಗಂಡ ಹೆಂಡತಿ. ಮಗಳನ್ನು ಸೋಲಾಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಮಾರ್ಕೆಟ್ ಯಾರ್ಡ್ ಹತ್ತಿರ ಸಣ್ಣದೊಂದು ಟ್ರಾನ್ಸ್‌ಪೋರ್ಟ್ ಆಫೀಸು ಇಟ್ಟುಕೊಂಡಿದ್ದರು; ಈರುಳ್ಳಿ (ಅವರ ಮಾತಿನಲ್ಲಿ ಉಳ್ಳಾಗಡ್ಡಿ), ಬೆಲ್ಲ ಸಾಗಿಸುವ ಲಾರಿಗಳನ್ನು ಗೊತ್ತುಮಾಡಿಕೊಡುವ ವ್ಯವಹಾರ. ಹೆಂಡತಿಗೆ ಐವತ್ತರ ಆಸುಪಾಸು. ನಾನು ಆ ಕಟ್ಟಡಕ್ಕೆ ಬಂದ ಹೊಸತರಲ್ಲಿ ಮೆಟ್ಟಿಲ ಮೇಲೆ ಕೂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದು ನಿಂತಿದ್ದರು. ನಾನು ಫೋನಿಡುವವರೆಗೆ ಕಾದು, "ಕನ್ನಡದವರೇನ್ರಿ?" ಎಂದು ಕೇಳಿದರು. ಅವತ್ತಿನಿಂದ ನಾನು ಅವರನ್ನು ಅಕ್ಕ ಎಂದೆ, ಅವರು ನನ್ನನ್ನು ತಂಗಿ ಎಂದರು. ಸ್ವಲ್ಪ ದಿನಕ್ಕೆ ಅವರ ಬಾಯಲ್ಲಿ 'ನೀವು' ಹೋಗಿ 'ನೀ' ಬಂತು.

ಅವರ ಗಂಡನ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಾನು ಬಂದ ಮೊದಲ ಮಳೆಗಾಲದಲ್ಲಿ ನನಗೆ ಡೆಂಗಿ ಬಂದಾಗ ಆಸ್ಪತ್ರೆಗೆ ಸೇರಿಸಿದವರು ಅವರು. ಅಮ್ಮ ಊರಿನಿಂದ ಬರುವತನಕ ಆಫೀಸಿಗೆ ಹೋಗದೆ ನನ್ನ ರಕ್ತ ಪರೀಕ್ಷೆಯ ರಿಪೋರ್ಟು ಹಿಡಿದುಕೊಂಡು ಓಡಾಡಿದರು. ಮುಂದೆ ನಾನು ಹೇಳುವುದರಲ್ಲಿ ಅವರು ಕೆಟ್ಟವರ ಹಾಗೆ ಕಾಣಬಹುದು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಅಕ್ಕನಿಗೆ ಲ್ಯಾಪ್‌ಟಾಪ್ ಬೇಕಾಗುವಂಥ ಕೆಲಸ ಸಿಕ್ಕಿದ್ದು ಆಕಸ್ಮಿಕವಾಗಿ. ಅವರ ಶಾಲೆಯ ಗೆಳತಿಯೊಬ್ಬರು ಮುಂಬಯಿಯ ಡಬ್ಬಿಂಗ್ ಸ್ಟುಡಿಯೋದಲ್ಲಿದ್ದರು. ಮರಾಠಿ ಧಾರಾವಾಹಿಯೊಂದನ್ನು ಕನ್ನಡಕ್ಕೆ ತರುವುದಿತ್ತು, ಎರಡೂ ಭಾಷೆ ಬಲ್ಲವರು ಸಂಭಾಷಣೆ ಬರೆಯಬೇಕಿತ್ತು. ಗೆಳತಿ ಒಂದು ದೃಶ್ಯವನ್ನು ಅಕ್ಕನ ಫೋನಿಗೆ ಕಳಿಸಿ, ಪ್ರಯತ್ನ ಮಾಡಿ ನೋಡು ಎಂದಿದ್ದರು. ಅಕ್ಕ ಹಾಳೆಯ ಮೇಲೆ ಬರೆದು ಫೋಟೋ ತೆಗೆದು ಕಳಿಸಿದರು. ಸ್ಟುಡಿಯೋದವರಿಗೆ ಹಿಡಿಸಿತು. ಆದರೆ ಹೀಗೆ ನಡೆಯುವುದಿಲ್ಲ, ವಿಡಿಯೋ ನೋಡುತ್ತ ಪ್ರತಿ ಮಾತಿನ ಮುಂದೆ ಅದರ ವೇಳೆ ಹಾಕಿ ಟೈಪ್ ಮಾಡಿ ಕಳಿಸಬೇಕು ಎಂದರು.

ಅಕ್ಕ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತರು.

"ನಂಗೊಂದು ಲ್ಯಾಪ್‌ಟಾಪ್ ತಗೋಬೇಕಾಗ್ಯದ ತಂಗಿ. ನಂಗ ಅದರಾಗ ಏನೂ ತಿಳಿಯಂಗಿಲ್ಲ. ನೀ ಬರ್ತೀಯೇನು?"

ಯಾತಕ್ಕೆ ಎಂದು ಕೇಳಿದೆ. ಹೇಳಿದರು. ನಾನು ನಂಬದವಳಂತೆ ಕಂಡೆನೋ ಏನೋ, ನನ್ನನ್ನು ಕೂರಿಸಿ, "ನೀ ಮರಾಠಿಯೊಳಗ ಮಾಫ್ ಕರ್ ಮಲಾ ಅನ್ನು. ದನಿ ತೆಗೀಬ್ಯಾಡ, ತುಟಿ ಅಷ್ಟ ಆಡಿಸು" ಎಂದರು. ನಾನು ಆಡಿಸಿದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

"ಕಂಡ್ತಲ್ಲ? ನಿನ್ನ ತುಟಿ ಎರಡು ಸಲ ಮುಚ್ಚಿದ್ವು. ಶುರುವಿಗೊಂದು ಸಲ, ನಡುವ ಒಂದು ಸಲ. ನಾವು ಕ್ಷಮಿಸು ಅಂತ ಬರದ್ರ ಒಂದ ಸಲ, ಅದೂ ತಡಾ ಮಾಡಿ ಮುಚ್ಚತಾವ. ನೋಡಾವ್ರಿಗೆ ಏನೋ ತಪ್ಪಿದಂಗ ಅನಸ್ತದ. 'ಮರ್ತು ಬಿಡು' ಅಂತ ಬರದ್ರ ಕರೆಕ್ಟ್ ಕೂಡ್ತದ ನೋಡು. ಮ ಅಲ್ಲೊಂದು, ಬಿ ಇಲ್ಲೊಂದು."

ಈ ಹೆಂಗಸು ಇಷ್ಟು ವರ್ಷ ಅಡುಗೆಮನೆಯಲ್ಲಿ ಟಿವಿ ಹಾಕಿಕೊಂಡು ಏನು ನೋಡುತ್ತಿದ್ದರು ಎಂಬುದು ನನಗೆ ಆಗ ತಿಳಿಯಿತು.

ಹಣ ಅವರದೇ, ಹೆಂಗಸರ ಭಿಶಿ ಚೀಟಿಯಲ್ಲಿ ಎತ್ತಿದ್ದು. ಗಂಡನೂ ಬೇಡ ಎನ್ನಲಿಲ್ಲ. "ತಗೊಳ್ಳಲಿ ಬಿಡ್ರಿ ಮೇಡಂ, ಆಕಿಗೂ ಹೊತ್ತು ಹೋಗ್ತದ" ಎಂದು ನನಗೆ ಹೇಳಿದರು. ಹೊತ್ತು ಹೋಗುತ್ತದೆ ಎಂಬ ಮಾತು ನನಗೆ ಆಗ ಚುಚ್ಚಲಿಲ್ಲ.

ಭಾನುವಾರ ಇಬ್ಬರೂ ಟಿಳಕ ರಸ್ತೆಯ ಅಂಗಡಿಗೆ ಹೋದೆವು. ಅಂಗಡಿಯವನು ಅಕ್ಕನನ್ನು ನೋಡಿ, "ಮುಲಾಸಾಠಿ ಕಾ, ಕಾಕೂ?" ಎಂದ. ಮಗನಿಗೆ ಎಂದೇ ಅವನ ಲೆಕ್ಕ. ಅಕ್ಕ, "ನಾಹಿ, ಮಾಝ್ಯಾಸಾಠಿ" ಎಂದರು. ನನಗೇ ಬೇಕು ಎಂದು ಹೇಳಿದ ಮೇಲೂ ಅವನು ಮಾತಾಡಿದ್ದೆಲ್ಲ ನನ್ನ ಜೊತೆಗೇ: ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು, ವಾರಂಟಿ ಎಷ್ಟು ವರ್ಷ. ನಾನೂ ಹುರುಪಿನಿಂದ ಉತ್ತರ ಕೊಡುತ್ತಿದ್ದೆ. ಅಷ್ಟರಲ್ಲಿ ಅಕ್ಕ ಅವನ ತೋಳು ತಟ್ಟಿ, ಇದರಲ್ಲಿ ಯಾವುದಾದರೂ ಧಾರಾವಾಹಿ ಹಚ್ಚು ಎಂದರು. ಅವನು ನಗುತ್ತ ಹಚ್ಚಿದ. ಅಕ್ಕ ಒಂದೊಂದೇ ಯಂತ್ರದ ಮುಂದೆ ಬಗ್ಗಿ ನಟಿಯ ಬಾಯಿ ನೋಡಿದರು. ಕಿವಿ ಹತ್ತಿರ ಹಿಡಿದು ಧ್ವನಿ ಕೇಳಿದರು. ರೊಟ್ಟಿಯ ಹಿಟ್ಟು ಹದವಾಯಿತೇ ಎಂದು ನೋಡುವವರ ಹಾಗೆ ಕೀಲಿಗಳನ್ನು ಒತ್ತಿ ಒತ್ತಿ ಬಿಟ್ಟರು.

ಕೊನೆಗೆ ಎರಡು ಉಳಿದವು. ಒಂದು ಕರಿಯದು, ದಪ್ಪ, ಭಾರ, ಪರದೆ ಮಂಕು. ಇನ್ನೊಂದು ಬೆಳ್ಳಿ ಬಣ್ಣದ್ದು, ತೆಳ್ಳಗೆ, ಬೆಳಗಿನಿಂದ ಸಂಜೆಯವರೆಗೆ ಚಾರ್ಜ್ ನಿಲ್ಲುವಂಥದ್ದು. ಅಕ್ಕ ಕರಿಯದರ ಮುಂದೆಯೇ ನಿಂತಿದ್ದರು.

"ಇದರಾಗೂ ತುಟಿ ಕಾಣ್ತಾವಲ್ಲ. ಇದ ಸಾಕು."

"ಅಕ್ಕ, ಇದು ವರ್ಷದಲ್ಲಿ ಸ್ಲೋ ಆಗಿಬಿಡುತ್ತೆ."

"ನಾನೂ ಸ್ಲೋನ ಇದ್ದೀನಿ ತಗೋ."

ನಾನು ಬಿಡಲಿಲ್ಲ. ಬೆಳ್ಳಿ ಬಣ್ಣದ್ದನ್ನು ಅವರ ಕೈಯಲ್ಲಿಟ್ಟೆ. ಎಷ್ಟು ಹಗುರ ನೋಡಿ, ಅಡುಗೆಮನೆಗೂ ಒಯ್ಯಬಹುದು, ತಾರಸಿಗೂ ಒಯ್ಯಬಹುದು, ಕರೆಂಟು ಹೋದರೂ ಚಿಂತೆಯಿಲ್ಲ ಎಂದೆ. ಅವರು ಅದನ್ನು ತೊಟ್ಟಿಲ ಕೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ, "ನಿಂಗ ತಿಳೀತದ. ನೀ ಹೇಳಿದ್ದ ತಗೊಳ್ಳೂಣು" ಎಂದರು.

ಅದಾದ ಮೇಲಿನ ಕೆಲವು ತಿಂಗಳು ಚೆನ್ನಾಗಿದ್ದವು. ಕನ್ನಡ ಟೈಪಿಂಗ್ ಹಾಕಿಕೊಟ್ಟೆ. ಒತ್ತಕ್ಷರ ಬಾರದೆ ಅಕ್ಕ ಮೊದಮೊದಲು ಅತ್ತೇಬಿಟ್ಟಿದ್ದರು. ಬರಬರುತ್ತ ನನಗಿಂತ ಬೇಗ ಹೊಡೆಯತೊಡಗಿದರು. ಗಂಡನ ಡಬ್ಬಿ ಕಟ್ಟಿ ಕಳಿಸಿದ ಮೇಲೆ ಕಿಟಕಿಯ ಪಕ್ಕ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಧಾರಾವಾಹಿಗೆ ಅವರ ಕಡೆಯ ಕನ್ನಡ ನಡೆಯುತ್ತಿರಲಿಲ್ಲ, ಬೆಂಗಳೂರಿನದೇ ಬೇಕು ಎಂದಿದ್ದರು. ಹಾಗಾಗಿ ಸಂಜೆ ನಾನು ಆಫೀಸಿನಿಂದ ಬರುವುದನ್ನೇ ಕಾದಿದ್ದು, "ಇದಕ್ಕ ನಿಮ್ಮ ಕಡೆ ಏನಂತೀರಿ?" ಎಂದು ಕೇಳುತ್ತಿದ್ದರು. 'ಅದ' ಇದ್ದದ್ದನ್ನೆಲ್ಲ ಇಬ್ಬರೂ ಸೇರಿ 'ಇದೆ' ಮಾಡುತ್ತಿದ್ದೆವು. "ನನ್ನ ಭಾಷಾ ಅಷ್ಟು ಕೆಟ್ಟದ್ದೇನು?" ಎಂದು ಒಮ್ಮೆ ಕೇಳಿದರು. ಅವರೇ ಹೋಗಲಿ ಬಿಡು ಎಂದು ಮುಂದಿನ ಮಾತಿಗೆ ಹೋದರು.

ಅವರು ಬರೆದ ಮೊದಲ ಕಂತು ಟಿವಿಯಲ್ಲಿ ಬಂದ ರಾತ್ರಿ ನನ್ನನ್ನೂ ಕರೆದು ಕೂರಿಸಿಕೊಂಡರು. ಪರದೆಯ ಮೇಲೆ ಅವರ ಹೆಸರು ಎಲ್ಲೂ ಬರಲಿಲ್ಲ. ಅಕ್ಕ ಅದನ್ನು ಗಮನಿಸಲೇ ಇಲ್ಲ. ಪ್ರತಿ ಮಾತಿಗೂ ನಟಿಗಿಂತ ಅರೆಕ್ಷಣ ಮುಂಚೆ ಅವರ ತುಟಿ ಆಡುತ್ತಿತ್ತು. ಗಂಡ ಊಟ ಮಾಡುತ್ತ, "ಈಕಿ ಮನ್ಯಾಗ ಹಿಂಗ ಒಂದಿನಾನೂ ಮಾತಾಡಿಲ್ಲ ಬಿಡ್ರಿ" ಎಂದು ನಕ್ಕರು. ನಾವೂ ನಕ್ಕೆವು.

ಆಮೇಲೊಂದು ದಿನ ಟ್ರಾನ್ಸ್‌ಪೋರ್ಟ್ ಆಫೀಸಿನ ಹಳೆಯ ಕಂಪ್ಯೂಟರ್ ಕೆಟ್ಟಿತು. ಲಾರಿ ಹೊರಡಬೇಕಾದರೆ ಬಿಲ್ಲು ಮಾಡಲೇಬೇಕು. ಅವತ್ತೊಂದು ದಿನದ ಮಟ್ಟಿಗೆ ಎಂದು ಗಂಡ ಅಕ್ಕನ ಲ್ಯಾಪ್‌ಟಾಪ್ ಒಯ್ದರು. ಅಕ್ಕನಿಗೂ ಅದು ಸಹಜವಾಗಿಯೇ ಕಂಡಿತು. ಮರುದಿನವೂ ಒಯ್ದರು. ವಾರ ಕಳೆಯುವಷ್ಟರಲ್ಲಿ ಅದಕ್ಕೊಂದು ಚೀಲ ಬಂತು. ಸ್ಕೂಟರಿನ ಮುಂದಿನ ಜಾಗದಲ್ಲಿ ಸರಿಯಾಗಿ ಕೂರುವಂಥ ಚೀಲ.

ಆ ಶನಿವಾರ ಗಂಡ ನನ್ನನ್ನು ಕೆಳಗೆ ಕರೆದರು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು.

"ಮೇಡಂ, ನಮ್ಮ ಬಿಲ್ಲಿನ ಸಾಫ್ಟ್‌ವೇರ್ ಇದರಾಗ ಸರಿಯಾಗಿ ಕೂಡವಲ್ಲದ್ರಿ. ಒಂದೀಟು ನೋಡ್ರಿ."

ನಾನು ಅಕ್ಕನ ಮುಖ ನೋಡಿದೆ. ಅವರು ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಸರ್, ಆಫೀಸಿಗೆ ಬೇರೆ ತಗೊಳ್ಳಬಹುದಲ್ವಾ? ಇದು ಅಕ್ಕನ ಕೆಲಸಕ್ಕೆ ಬೇಕಲ್ಲ," ಎಂದೆ.

"ತಗೊಳ್ಳೂದ ಅದರಿ. ಉಳ್ಳಾಗಡ್ಡಿ ಸೀಜನ್ ಒಂದು ಮುಗೀಲಿ. ಅಲ್ಲೀಮಟಾ ಅಷ್ಟ. ಸಂಜಿಗೆ ನಾ ತರ್ತೀನಲ್ಲ, ಆಗ ಆಕಿ ಮಾಡ್ಕೋತಾಳ."

"ಹಾಕಿಕೊಡು ತಂಗಿ," ಎಂದರು ಅಕ್ಕ, ತಲೆ ಎತ್ತದೆ. "ಲಾರಿ ನಿಂತಾವ."

ಯಂತ್ರ ಅಕ್ಕನದು, ಮಾತೂ ಅಕ್ಕನದು. ನಾನು ಹಾಕಿಕೊಟ್ಟೆ. ಆಗ ಪರದೆ ಮೇಲೆ ಅಕ್ಕನ ಕಂತುಗಳ ಫೋಲ್ಡರ್ ಕಾಣಲಿಲ್ಲ. ಹುಡುಕಿದರೆ ಅದು 'ಅದರ್ಸ್' ಎಂಬ ಇನ್ನೊಂದು ಫೋಲ್ಡರಿನೊಳಗೆ, ಒಂದಿಷ್ಟು ಟಯರ್ ಫೋಟೋಗಳ ಜೊತೆ ಬಿದ್ದಿತ್ತು. ಆಫೀಸಿನ ಗುಮಾಸ್ತ ಚೊಕ್ಕಟ ಮಾಡಿದ್ದನಂತೆ. ಮುಚ್ಚಳದ ಮೇಲೆ ಟ್ರಾನ್ಸ್‌ಪೋರ್ಟಿನ ಹೆಸರು, ಫೋನ್ ನಂಬರಿನ ಸ್ಟಿಕ್ಕರ್ ಅಂಟಿಸಿದ್ದ. ಬೆಳ್ಳಿ ಬಣ್ಣದ ಮೇಲೆ ಕೆಂಪು ಅಕ್ಷರ ಎದ್ದು ಕಾಣುತ್ತಿತ್ತು.

ಉಳ್ಳಾಗಡ್ಡಿ ಸೀಜನ್ ಮುಗಿಯಿತು, ಬೆಲ್ಲದ್ದು ಬಂತು. ಸಂಜೆ ಎಂದರೆ ಗಂಡ ಮನೆಗೆ ಬರುವಾಗ ಎಂಟೂವರೆ. ಆಮೇಲೆ ಅವರ ಚಹಾ, ಊಟ, ಪಾತ್ರೆ. ಒಂದೇ ಕೋಣೆಯಲ್ಲಿ ಟಿವಿಯೂ ನಡೆಯುವಾಗ ಹೆಡ್‌ಫೋನ್ ಹಾಕಿಕೊಂಡು ಕೂತರೆ ಗಂಡನ ಮಾತು ಕೇಳುತ್ತಿರಲಿಲ್ಲ, ಕೂಗಿದರೂ ಓಗೊಡುವುದಿಲ್ಲ ಎಂದು ಅವರಿಗೆ ಬೇಸರ. ಅಕ್ಕ ಫೋನಿನಲ್ಲೇ ವಿಡಿಯೋ ನೋಡಿ ಬರೆದಿಟ್ಟು, ಲ್ಯಾಪ್‌ಟಾಪ್ ಬಂದ ಮೇಲೆ ಟೈಪ್ ಮಾಡತೊಡಗಿದರು. ಫೋನಿನ ಪರದೆಯಲ್ಲಿ ತುಟಿ ಅಕ್ಕಿಕಾಳಿನಷ್ಟು ಕಾಣುತ್ತಿತ್ತು. ತಪ್ಪುಗಳಾದವು. ಸ್ಟುಡಿಯೋದಿಂದ ವಾಪಸು ಬಂದವು. ನನ್ನ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಹೊರಗಿನ ಕೆಲಸಕ್ಕೆ ಅವಕಾಶವಿರಲಿಲ್ಲ. ನನ್ನದೇ ಆದ ಇನ್ನೊಂದನ್ನು ಕೊಡುತ್ತೇನೆಂದರೆ ಅವರು ಕೇಳಲಿಲ್ಲ. "ಮನ್ಯಾಗ ಒಂದು ಇದ್ದಾಗ ಮಂದಿದು ಯಾಕ ತಂದಿ ಅಂತ ಕೇಳ್ತಾರ. ಏನು ಹೇಳ್ಲಿ?"

ಒಂದು ಕಂತು ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಅವತ್ತು ಗಂಡ ಲಾರಿಯೊಂದರ ತಕರಾರಿಗೆಂದು ಸೋಲಾಪುರಕ್ಕೆ ಹೋಗಿ ಮಗಳ ಮನೆಯಲ್ಲೇ ಉಳಿದಿದ್ದರು, ಲ್ಯಾಪ್‌ಟಾಪೂ ಅವರ ಜೊತೆಗಿತ್ತು. ಮುಂಬಯಿಯ ಗೆಳತಿ ಎರಡು ಸಲ ತಾಳಿಕೊಂಡರು. ಮೂರನೆಯ ಸಲ ಮತ್ತೆ ತಡವಾದಾಗ ಕೆಲಸ ಬೆಂಗಳೂರಿನ ಯಾರಿಗೋ ಹೋಯಿತು.

ನನಗೆ ತಿಳಿದದ್ದು ಕೆಲವು ದಿನಗಳ ಮೇಲೆ. ಅಕ್ಕ ತಾವಾಗಿ ಹೇಳಲಿಲ್ಲ. 'ಇದಕ್ಕ ಏನಂತೀರಿ' ಎಂದು ಕೇಳಲು ಬರುವುದು ನಿಂತಿತ್ತು, ಅದಕ್ಕೆ ನಾನೇ ಕೆಳಗಿಳಿದು ಹೋಗಿ ವಿಚಾರಿಸಿದೆ. ಹೇಳಿದರು. ನನಗೆ ಸಿಟ್ಟು ಬಂತು. ನಿಮ್ಮ ದುಡ್ಡಲ್ಲಿ ತಗೊಂಡಿದ್ದು, ನೀವು ಯಾಕೆ ಕೇಳಲಿಲ್ಲ, ಒಂದು ಮಾತು ಗಟ್ಟಿಯಾಗಿ ಹೇಳಬಹುದಿತ್ತಲ್ಲ ಎಂದು ಜೋರು ಮಾಡಿದೆ. ಅವರು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಲೇ ನನ್ನ ಮಾತು ಮುಗಿಯುವತನಕ ಕಾದರು.

"ನೀ ಭಾಳ ಚಲೋದ ಆರಿಸಿದಿ ತಂಗಿ," ಎಂದರು. "ಆ ಕರೇದು ತಗೊಂಡಿದ್ರ ಯಾರೂ ಕೈ ಹಚ್ಚತಿದ್ದಿಲ್ಲ. ನನ್ನ ಹತ್ರನ ಉಳೀತಿತ್ತು."

ದನಿಯಲ್ಲಿ ದೂರು ಇರಲಿಲ್ಲ. ಮಳೆ ಬಂದರೆ ಬಟ್ಟೆ ಒಣಗುವುದಿಲ್ಲ ಎಂಬಂತೆ ಹೇಳಿದರು. ಆ ಕ್ಷಣ ಗಂಡನಿಗಿಂತ ಅವರ ಮೇಲೆಯೇ ಹೆಚ್ಚು ಕೋಪ ಬಂತು. ಮೇಲೆ ಬಂದು ಬಾಗಿಲು ಹಾಕಿಕೊಂಡೆ. ಹಗುರವಾಗಿದೆ ಎಂದಿದ್ದೆ, ಅದಕ್ಕೇ ಅದು ಸ್ಕೂಟರಿನಲ್ಲಿ ಹೋಯಿತು. ಸಂಜೆಯವರೆಗೆ ಚಾರ್ಜ್ ನಿಲ್ಲುತ್ತದೆ ಎಂದಿದ್ದೆ, ಕರೆಂಟು ನೆಚ್ಚಲಾಗದ ಮಾರ್ಕೆಟ್ ಯಾರ್ಡಿನ ಆಫೀಸಿಗೆ ಅದೇ ಬೇಕಾಗಿತ್ತು. ನಾನು ಪರದೆ, ಬ್ಯಾಟರಿ, ತೂಕ ನೋಡಿ ಆರಿಸಿದ್ದೆ. ಅಕ್ಕ ತಮ್ಮ ಮನೆಯನ್ನು ನೋಡಿ ಆರಿಸಲು ಹೊರಟಿದ್ದರೋ ಏನೋ. ಆ ಅಂಗಡಿಯಲ್ಲಿ ಅವರಿಗೆ ನಿಜಕ್ಕೂ ಅದು ಹೊಳೆದಿತ್ತೋ, ಆಮೇಲೆ ತೋಚಿದ ಮಾತೋ, ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಒಂದು ವಸ್ತುವನ್ನು ತನ್ನದಾಗಿ ಇಟ್ಟುಕೊಳ್ಳಲು ಹೆಂಗಸೊಬ್ಬಳು ಕೆಟ್ಟದ್ದನ್ನೇ ಆರಿಸಿಕೊಳ್ಳಬೇಕು ಎಂಬುದು ಯಾವ ಅಂಗಡಿಯವನಿಗೂ, ನನಗೂ ಗೊತ್ತಿರಲಿಲ್ಲ.

ಮುಂದಿನ ವರ್ಷ ಯುಗಾದಿಯ ಹೊತ್ತಿಗೆ ಗಂಡ ಮೆಟ್ಟಿಲಲ್ಲಿ ಸಿಕ್ಕರು. ಎಂದಿನಂತೆ ನಗುತ್ತಲೇ ಇದ್ದರು. ಕೈಯಲ್ಲಿ ಪೇರಲ ಹಣ್ಣಿನ ಚೀಲ. ಅದರಲ್ಲಿ ನಾಲ್ಕು ತೆಗೆದು ನನಗೆ ಕೊಟ್ಟರು.

"ಮೇಡಂ, ಆಫೀಸಿಗೆ ಇನ್ನೊಂದು ಲ್ಯಾಪ್‌ಟಾಪ್ ತಗೋಬೇಕಂತ ಮಾಡೀನ್ರಿ. ಕೆಲಸ ಹೆಚ್ಚಾಗ್ಯದ. ನೀವ ಬರಬೇಕ್ರಿ. ಹೋದ ಸಲ ಆರಿಸಿದ್ದು ಏನು ಮಷೀನ್ರಿ ಅದು, ಇಲ್ಲೀಮಟಾ ಒಂದಿನ ಕೈ ಕೊಟ್ಟಿಲ್ಲ."

ನನ್ನ ಮನಸ್ಸು ಒಮ್ಮೆಲೇ ಹಗುರವಾಯಿತು.

"ಬರ್ತೀನಿ ಸರ್. ಹಾಗಾದ್ರೆ ಹಳೇದು ಅಕ್ಕನಿಗೆ ವಾಪಸ್ ಬರುತ್ತಲ್ಲ?"

ಅವರು ನಿಜಕ್ಕೂ ಆಶ್ಚರ್ಯಪಟ್ಟರು. ಆ ಮುಖದಲ್ಲಿ ಕಪಟವಿರಲಿಲ್ಲ.

"ಆಕಿಗ್ಯಾಕ್ರಿ? ಆಕಿ ಈಗ ಏನೂ ಮಾಡಂಗಿಲ್ಲಲ್ಲ. ಅದು ಗುಮಾಸ್ತಗ ಇರ್ತದ. ಹೊಸಾದು ನಂಗ."

ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ರಿಪೋರ್ಟು ಹಿಡಿದು ಕೂತಿದ್ದ ಮನುಷ್ಯ ಇವರೇ. ಅವರ ಪೇರಲ ಹಣ್ಣುಗಳು ನನ್ನ ಕೈಯಲ್ಲಿದ್ದವು. ಆದರೂ ಹೇಳಿದೆ. ಅಕ್ಕನ ಕೆಲಸ ಹೋಗಿದ್ದೇ ಆ ಲ್ಯಾಪ್‌ಟಾಪ್ ಮನೆಯಲ್ಲಿ ಇಲ್ಲದ್ದರಿಂದ, ಅವರು ಕೇಳಿದರೆ ಸ್ಟುಡಿಯೋದವರು ಮತ್ತೆ ಕೊಟ್ಟರೂ ಕೊಡಬಹುದು ಎಂದೆ.

"ಆಕಿ ನಂಗ ಹಂಗ ಏನೂ ಹೇಳಿಲ್ರಿ," ಎಂದರು. "ಟಿವಿ ಕೆಲಸಾನ ಮುಗೀತು ಅಂತ ಹೇಳ್ಯಾಳ."

ಮನೆಯೊಳಗೆ ಹೋಗಿ ಅಕ್ಕನನ್ನು ಕೇಳಿದ್ದೂ ನನಗೆ ಮೆಟ್ಟಿಲಿಗೆ ಕೇಳಿಸಿತು. ಮೇಡಂ ಹಿಂಗಂತಾರ, ಹೌದೇನು ಎಂದರು. ಅಕ್ಕನ ಉತ್ತರ ಸಣ್ಣದು, ಸ್ಪಷ್ಟವಾಗಿತ್ತು. "ಇಲ್ಲಪಾ. ಅವರದ ಮುಗೀತು. ಕಣ್ಣೂ ನೋಯತಿದ್ವು." ಗಂಡ ಹೊರಗೆ ಬಂದು ನನ್ನನ್ನು ನೋಡಿ, ಕೇಳಿದಿರಲ್ಲ ಎನ್ನುವ ಹಾಗೆ ತಲೆಯಾಡಿಸಿದರು. ನಾನು ಈ ವಾರ ಆಫೀಸಿನಲ್ಲಿ ಕೆಲಸ ಬಹಳ ಇದೆ, ನೀವೇ ಹೋಗಿಬನ್ನಿ ಎಂದು ಮೇಲೆ ಹತ್ತಿದೆ. ಅವರು ಯಾರ ಸಹಾಯವೂ ಇಲ್ಲದೆ ಹೊಸದನ್ನು ತಂದರು. ಅದೂ ಚೆನ್ನಾಗಿಯೇ ಇದೆಯಂತೆ.

ಅಕ್ಕ ಮರುದಿನ ಮೇಲೆ ಬಂದರು. ಕೂರಲಿಲ್ಲ.

"ಇನ್ನೊಮ್ಮಿ ಅವರ ಮುಂದ ಆ ಮಾತು ತೆಗೀಬ್ಯಾಡ ತಂಗಿ. ಈಗ ಅವರಿಗೆ ಗೊತ್ತಾದ್ರ ಬ್ಯಾಸರ ಮಾಡ್ಕೋತಾರ. ಹೊಸಾದು ನನಗ ಕೊಡ್ತೀನಿ ಅಂತಾರ. ಕೊಟ್ರ ನಾಳೆ ಆಫೀಸಿಗೆ ಬೇಕಾದಾಗ ಮತ್ತ ಕೇಳ್ತಾರ. ಎರಡು ಸಲ ಕೊಡೂದು ನನ್ನ ಕಡೆ ಆಗೂದಿಲ್ಲ."

ಅವರು ಬಂದ ಹಾಗೆಯೇ ಇಳಿದುಹೋದರು.

ನನ್ನ ಆಫೀಸು ಊರಿನ ಇನ್ನೊಂದು ತುದಿಗೆ ಹೋದಾಗ ನಾನೂ ಆ ಕಡೆಗೆ ಮನೆ ಬದಲಿಸಿದೆ. ಸಾಮಾನು ಕಟ್ಟಲು ಅಕ್ಕ ಬಂದರು, ಸಾಗಿಸಲು ಅವರ ಗಂಡ ಟೆಂಪೋ ಕಳಿಸಿಕೊಟ್ಟರು, ಬಾಡಿಗೆ ತೆಗೆದುಕೊಳ್ಳಲಿಲ್ಲ. ಈಗ ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಅವರು ನನ್ನ ಅಮ್ಮನ ಆರೋಗ್ಯ ಕೇಳುತ್ತಾರೆ, ನಾನು ಅವರ ಮೊಣಕಾಲು ನೋವು ಕೇಳುತ್ತೇನೆ. ಮಗಳಿಗೆ ಮಗು ಆಗಿದೆ, ಸೋಲಾಪುರಕ್ಕೆ ಹೋಗುವುದು ಬರುವುದು ಹೆಚ್ಚಾಗಿದೆ. ಏನು ಮಾಡ್ತಿದ್ದೀರಿ ಅಕ್ಕ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ.